ಒಬ್ಬ ಯುವ ಸಾಧಕ

ಚನ್ನಗಿರಿ
14 ಜೂನ್ 1976

ಶ್ರೀ ಗುರುಶಾಂತ ದೇವರಿಗೆ ಜಯದೇವಪ್ಪನ ಶರಣು.

ಎಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಜಗಳೂರಿನಾಚೆಯ ನಿಮ್ಮ ಮಠದಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು ಎಂಬ ಸಲಿಗೆಯ ಮೇಲೆ ಈ ಕಾಗದ. ನಾನು ಮಠದ ಊಟಕ್ಕೆ ಬಂದು ಓದಿದವನು. ನೀವು ಮುಂದೆ ಸ್ವಾಮಿಯಾಗಬೇಕೆಂದು ಒಂಬತ್ತನೇ ವಯಸ್ಸಿಗೆ ಮನೆಯವರು ಮಠಕ್ಕೆ ಕೊಟ್ಟ ಮರಿ. ನಾನು ರಜೆಗೆ ಊರಿಗೆ ಹೋಗುತ್ತಿದ್ದೆ, ನೀವು ಕಿಟಕಿಯಲ್ಲಿ ನಿಂತಿರುತ್ತಿದ್ದಿರಿ. ಅದು ಯಾಕೆ ನೆನಪಾಗುತ್ತದೋ ತಿಳಿಯದು.

ಈಗ ನಾನು ಮಠದ ಸಂಸ್ಥೆಯದೇ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದೇನೆ. ಬೇಸಿಗೆಯಲ್ಲಿ ಮೂರು ವಾರ ಮೈಸೂರಿನಲ್ಲಿ ಅಧ್ಯಾಪಕರ ಶಿಬಿರವಿತ್ತು. ಅಲ್ಲಿ ಅಮೆರಿಕದ ಒಂದು ಹೊಸ ವಿಚಾರ ಕೇಳಿದೆ. ಮನುಷ್ಯನಿಗೆ ಐದು ಮೆಟ್ಟಿಲು. ಮೊದಲನೆಯದು ಅನ್ನ ನೀರು. ಎರಡು, ಭದ್ರತೆ. ಮೂರು, ತನ್ನವರು ಎಂಬ ನಂಟು. ನಾಲ್ಕು, ಗೌರವ. ಈ ನಾಲ್ಕೂ ದಕ್ಕಿದವನು ಐದನೆಯದನ್ನು ಹತ್ತುತ್ತಾನೆ, ತಾನು ಏನಾಗಬಲ್ಲನೋ ಅದೇ ಆಗುತ್ತಾನೆ. ನಾನು ಅದನ್ನು ಆತ್ಮಸಿದ್ಧಿ ಎಂದು ಕರೆದುಕೊಂಡಿದ್ದೇನೆ.

ನಮ್ಮ ಹಿಂದಿನವರೂ ಐದೇ ಹೇಳಿದ್ದಾರಲ್ಲ. ಅನ್ನಮಯದಿಂದ ಆನಂದಮಯದವರೆಗೆ ಐದು ಕೋಶ. ಇದು ಆಕಸ್ಮಿಕವೇ? ನಾನು ಪಿಎಚ್.ಡಿ.ಗೆ ಇದನ್ನೇ ವಿಷಯವಾಗಿ ಕೊಟ್ಟಿದ್ದೇನೆ. ಸಂಸ್ಕೃತ ಓದಿದವರು, ಆ ದಾರಿಯಲ್ಲೇ ಇರುವವರು, ನನಗೆ ಗೊತ್ತಿರುವುದು ನೀವೊಬ್ಬರೇ. ನಾಲ್ಕು ಸಾಲು ಬರೆದರೆ ಉಪಕಾರ.

ಇಂತಿ ನಿಮ್ಮ ಕೋಣೆಯವನಾಗಿದ್ದ,
ಜಯದೇವಪ್ಪ


ಜಗಳೂರು
2 ಜುಲೈ 1976

ಜಯಣ್ಣ,

ಮೊದಲು ಈ 'ನೀವು' ಬಿಡು. ನನಗೆ 'ನೀನು' ಅನ್ನುವವರು ಈ ಭೂಮಿಯ ಮೇಲೆ ದೊಡ್ಡ ಬುದ್ಧಿಯವರನ್ನು ಬಿಟ್ಟರೆ ಇನ್ನು ಯಾರೂ ಇಲ್ಲ. ಪೀಠದ ಮೇಲಿರುವ ಅವರಿಗೆ ಎಪ್ಪತ್ತೆಂಟು ವರ್ಷ.

ನಿನ್ನ ಏಣಿಯನ್ನು ಎರಡು ದಿನ ಯೋಚಿಸಿದೆ. ಲೆಕ್ಕ ಸರಿ ಹೊಂದುತ್ತದೆ, ದಿಕ್ಕು ಹೊಂದುವುದಿಲ್ಲ. ಅವರದು ಮೇಲಕ್ಕೆ ಹತ್ತುವುದು. ನಮ್ಮದು ಒಳಕ್ಕೆ ಹೋಗುವುದು, ಈರುಳ್ಳಿ ಸುಲಿದ ಹಾಗೆ. ಆದರೆ ಎರಡರಲ್ಲೂ ಒಂದು ಮಾತು ಒಂದೇ. ಮೊದಲು ಅನ್ನ. ನಾನು ಮೂವತ್ತೊಂದು ವರ್ಷದವನು ಜಯಣ್ಣ, ಇವತ್ತಿನವರೆಗೆ ನನಗೆ ಹಸಿವಾಗಿಲ್ಲ. ಹಸಿವಾಗುವ ಮೊದಲೇ ಯಾರೋ ತಟ್ಟೆ ಇಟ್ಟು ಕೈ ಮುಗಿದು ನಿಂತಿರುತ್ತಾರೆ.

ನಿನ್ನ ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದೆಯೇ ನೋಡು. ನನ್ನನ್ನು ಒಂಬತ್ತನೇ ವಯಸ್ಸಿಗೆ ಎತ್ತಿ ಏಣಿಯ ತುದಿಯಲ್ಲಿ ಕೂರಿಸಿದರು. ಕೆಳಗಿನ ನಾಲ್ಕು ಮೆಟ್ಟಿಲನ್ನು ನಾನು ತುಳಿದೇ ಇಲ್ಲ. ನಮ್ಮ ಶಾಸ್ತ್ರದ ಭಾಷೆಯಲ್ಲಿ ಕೇಳುವುದಾದರೆ, ಸಿಪ್ಪೆಯೇ ಬೆಳೆಯದವನು ಏನನ್ನು ಸುಲಿಯಬೇಕು?

ಹೋದ ತಿಂಗಳು ಅವ್ವ ಗೋವಿನಕೋವಿಯಿಂದ ಬಂದಿದ್ದಳು. ನಿನಗೆ ಗೊತ್ತಲ್ಲ, ನನಗಿಂತ ಮುಂಚೆ ಮೂರು ಹುಟ್ಟಿ ಮೂರೂ ಹೋದವು. ನಾನು ಹುಟ್ಟಿದಾಗ ತಿಪ್ಪೆಯ ಮೇಲೆ ಹೊರಳಾಡಿಸಿ, ಮೂಗು ಚುಚ್ಚಿಸಿ, ಇದೊಂದು ಬದುಕಿದರೆ ಮಠಕ್ಕೆ ಬಿಡುತ್ತೇನೆ ಎಂದು ಹರಕೆ ಹೊತ್ತಳು. ನಾನು ಬದುಕಿದೆ. ಅದಕ್ಕೇ ಅವಳಿಗೆ ನಾನು ಇಲ್ಲವಾದೆ. ಬಂದವಳು ಎಲ್ಲರ ಜೊತೆ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ನನ್ನ ಪಾದದ ಮೇಲೆ ಹಣೆ ಇಟ್ಟಳು. "ಬುದ್ಧೀ, ಒಳ್ಳೇದು ಮಾಡ್ರಿ" ಅಂದಳು. ಅವಳ ತಲೆಯಲ್ಲಿ ಬೈತಲೆ ಅಗಲವಾಗಿದೆ. ಅದೊಂದೇ ನನಗೆ ಕಂಡದ್ದು, ಮುಖ ಕಾಣಲಿಲ್ಲ. ಇಪ್ಪತ್ತೆರಡು ವರ್ಷದಿಂದ ನನಗೆ ಅವಳ ತಲೆ ಮಾತ್ರ ಕಾಣುತ್ತಿದೆ.

ಬರುವ ಫೆಬ್ರವರಿಗೆ ನನಗೆ ಪಟ್ಟ ಕಟ್ಟುತ್ತಾರೆ. ಆಮೇಲೆ ಇಳಿಯುವ ಮಾತಿಲ್ಲ. ಅದಕ್ಕೆ ಮೊದಲೇ ಕಾವಿ ಬಿಚ್ಚಿಟ್ಟು, ಅವ್ವ ನನ್ನನ್ನು ಮನೆಯ ಹೆಸರಿನಿಂದ 'ಕೊಟ್ರಾ' ಎಂದು ಕರೆಯುವುದನ್ನು ಒಂದು ಸಲ ಕೇಳಬೇಕು. ಇದು ಆತ್ಮಸಿದ್ಧಿಯ ಯಾವ ಮೆಟ್ಟಿಲೋ ನೀನೇ ಹೇಳು.

ಈ ಕಾಗದ ಯಾರಿಗೂ ತೋರಿಸಬೇಡ. ಉತ್ತರವನ್ನು ಮಠಕ್ಕೆ ಹಾಕಬೇಡ. ಕಾರ್ಯಭಾರಿ ಉಚ್ಚಂಗೆಪ್ಪ ನನ್ನ ಟಪಾಲನ್ನು ಭಕ್ತಿಯಿಂದ ಒಡೆದು ಓದುತ್ತಾನೆ. ಜಗಳೂರು ಬಸ್ ನಿಲ್ದಾಣದ ಹತ್ತಿರ ಓಬಣ್ಣನ ಸೈಕಲ್ ಶಾಪಿನ ವಿಳಾಸಕ್ಕೆ ಬರೆ.

ಕೊಟ್ರಬಸಪ್ಪ
(ಈ ಹೆಸರು ಬರೆದು ಎಷ್ಟು ಕಾಲವಾಯಿತೋ.)


ಚನ್ನಗಿರಿ
11 ಜುಲೈ 1976

ಕೊಟ್ರ,

ನಿನ್ನ ಕಾಗದ ಓದಿ ನಿದ್ದೆ ಬರಲಿಲ್ಲ. ಏಣಿಯ ತುದಿಯಲ್ಲಿ ಕೂರಿಸಿದರು ಎಂಬ ಮಾತು ನಾನು ನೋಡಿದ ಯಾವ ಪುಸ್ತಕದಲ್ಲೂ ಇಲ್ಲ. ಇದನ್ನು ಶಾಸ್ತ್ರ ನಿರೀಕ್ಷಿಸಿಯೇ ಇಲ್ಲ.

ಇಳಿದು ಬಾ. ಬೇರೆ ಉತ್ತರ ನನ್ನಲ್ಲಿಲ್ಲ. ಮನುಷ್ಯ ತಾನು ಆಗಬಹುದಾದದ್ದನ್ನು ಆಗದಿದ್ದರೆ ಜೀವನವಿಡೀ ಕಾಯಿಲೆಯವನ ಹಾಗೆ ಇರುತ್ತಾನೆ ಎಂದು ಆ ಅಮೆರಿಕದವರು ಹೇಳುತ್ತಾರೆ. ನಿನ್ನನ್ನು ಹರಕೆಗೆ ಕೊಟ್ಟರು, ನೀನು ಹರಕೆ ಹೊತ್ತವನಲ್ಲ. ನೇರವಾಗಿ ಚನ್ನಗಿರಿಗೆ ಬಾ. ಬಾಡಿಗೆ ಮನೆಯಾದರೂ ಮುಂದೆ ಒಂದು ಕೋಣೆ ಇದೆ. ನನ್ನ ಹೆಂಡತಿ ನಿರ್ಮಲ ಈಗಲೇ ಅದನ್ನು ಸಾರಿಸಿ ಇಟ್ಟಿದ್ದಾಳೆ. "ಅವರಿಗೆ ಖಾರ ಆಗ್ತತೋ ಇಲ್ಲೋ ಕೇಳ್ರಿ" ಅಂದಳು. ನನ್ನ ಬಾಗಿಲು ನಿನಗೆ ಯಾವತ್ತೂ ತೆರೆದಿರುತ್ತದೆ.

ಒಂದು ಕೋರಿಕೆ. ದಿನದಿನದ ಮನಸ್ಥಿತಿಯನ್ನು ತಾರೀಕು ಹಾಕಿ ಬರೆದಿಡು. ಪೂಜೆಗೆ ಕೂತಾಗ ಏನು ಅನ್ನಿಸುತ್ತದೆ, ಜನ ಕಾಲಿಗೆ ಬಿದ್ದಾಗ ಸಂತೋಷವೋ ಅಸಹ್ಯವೋ, ಕನಸಿನಲ್ಲಿ ಏನು ಬರುತ್ತದೆ, ಎಲ್ಲ. ನಿನ್ನಂಥ ಜೀವಂತ ನಿದರ್ಶನ ಇನ್ನೊಂದು ಸಿಗುವುದಿಲ್ಲ. ಪ್ರಬಂಧದಲ್ಲಿ ಹೆಸರು ಎಲ್ಲೂ ಬರುವುದಿಲ್ಲ. 'ಒಬ್ಬ ಯುವ ಸಾಧಕ' ಎನ್ನುತ್ತೇನೆ, ಅಷ್ಟೆ.

ನಿನ್ನ,
ಜಯ


ಜಗಳೂರು
6 ಸೆಪ್ಟೆಂಬರ್ 1976

ಜಯಣ್ಣ,

ನೀನು ಕೇಳಿದ್ದನ್ನೆಲ್ಲ ಬೇರೆ ಹಾಳೆಗಳಲ್ಲಿ ಬರೆದಿದ್ದೇನೆ. ಜನ ಕಾಲಿಗೆ ಬಿದ್ದಾಗ ಸಂತೋಷವಾಗುತ್ತದೆ. ಅದನ್ನು ಬರೆಯಲು ಮೂರು ದಿನ ಬೇಕಾಯಿತು.

ಹೋದ ಸೋಮವಾರ ದೊಡ್ಡ ಬುದ್ಧಿಯವರಿಗೆ ಹೇಳಿಬಿಟ್ಟೆ. ಅವರು ಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದರು. ನಾನು ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ತಲೆ ಎತ್ತದೆಯೇ ಹೇಳಿದೆ. ಅವರು ಆ ಕಾಲನ್ನು ಮಡಿಸಿಕೊಂಡರು. ಆಮೇಲೆ, "ಇನ್ನೊಂದು ಕಾಲಿಗೂ ಹಚ್ಚು" ಅಂದರು. ಹಚ್ಚಿದೆ.

"ನಾನೂ ನಿನ್ನ ವಯಸ್ಸಿನಾಗೆ ಒಂದ್ಸಲ ಎದ್ದು ಹೋಗಿದ್ದೆ ಕಣೋ. ದುರ್ಗದ ತನಕ ನಡ್ಕಂಡೇ ಹೋದೆ. ಅಲ್ಲಿ ಹೊಟ್ಟೆ ಹಸೀತು. ಯಾರನ್ನು ಕೇಳಬೇಕು, ಹೆಂಗೆ ಕೇಳಬೇಕು, ಒಂದೂ ತಿಳೀಲಿಲ್ಲ. ಮಾರನೇ ದಿನ ಸಂಜೀಕೆ ವಾಪಸ್ ಬಂದೆ. ನಮ್ಮ ಗುರುಗಳು ಎಲ್ಲಿಗೆ ಹೋಗಿದ್ದೆ ಅಂತ್ಲೂ ಕೇಳಲಿಲ್ಲ. ಜನ ನನ್ನನ್ನ ವೈರಾಗ್ಯಮೂರ್ತಿ ಅಂತಾರೆ. ಹಸಿವಿಗೆ ಹೆದರಿದೋನು ನಾನು."

ನಾನು ಎಣ್ಣೆಯ ಬಟ್ಟಲು ಬದಿಗಿಟ್ಟೆ.

"ಹೋಗಾಕೆ ನನ್ನದೇನೂ ಅಡ್ಡಿ ಇಲ್ಲ. ಆದ್ರೆ ನಿಮ್ಮವ್ವಗೆ ನಿನ್ನ ಬಾಯಾಗೆ ನೀನೇ ಹೇಳ್ಬೇಕು. ಇನ್ನೊಬ್ರ ಬಾಯಿಂದ ಆಕಿ ಕಿವಿಗೆ ಹೋಗಬಾರ್ದು. ಮೂರು ಮಣ್ಣು ಮಾಡಿ ನಿನ್ನನ್ನ ತಂದುಕೊಟ್ಟೋಳು ಆಕಿ. ನೀನು ಎದುರಿಗೆ ಕೂತು ಹೇಳಿದ್ರೆ ತಡಕಂತಾಳೆ. ಬ್ಯಾರೇರು ಹೇಳಿದ್ರೆ ನೀನು ಸತ್ತೆ ಅಂತ ತಿಳಕಂತಾಳೆ."

ಅವರು ಹೇಳಿದ್ದು ಸರಿ. ನನಗೆ ಈಗ ಉಳಿದ ಕೆಲಸ ಅದೊಂದೇ. ನವೆಂಬರಿನಲ್ಲಿ ಸಂಸ್ಥೆಯ ಬೆಳ್ಳಿಹಬ್ಬ ಇದೆಯಲ್ಲ, ಅದು ಮುಗಿಯಲಿ. ಮುದುಕರ ಸಂಭ್ರಮ ನನ್ನಿಂದ ಕೆಡುವುದು ಬೇಡ. ಅದು ಮುಗಿದ ಮಾರನೆಯ ದಿನ ಗೋವಿನಕೋವಿಗೆ ಹೋಗಿ, ಅವ್ವನನ್ನು ಕೂರಿಸಿಕೊಂಡು ಹೇಳುತ್ತೇನೆ. ಏನು ಹೇಳಬೇಕೆಂದು ದಿನಾ ಪೂಜೆಯ ಹೊತ್ತಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಹತ್ತು ಮಾತಿದ್ದದ್ದು ಈಗ ನಾಲ್ಕಕ್ಕೆ ಇಳಿದಿದೆ. ನಿನ್ನ ಪ್ರಬಂಧಕ್ಕೆ ನನ್ನ ವಿಷಯ ಬಳಸುವುದಾದರೆ ಆಮೇಲೆ ಬಳಸು. ಅವಳಿಗೆ ಹೇಳುವ ಮೊದಲು ಒಂದು ಸಾಲೂ ಬೇಡ.

ಖಾರ ಆಗುತ್ತದೆ ಎಂದು ನಿನ್ನ ಮನೆಯವರಿಗೆ ಹೇಳು.

ಕೊಟ್ರ


ಜಗಳೂರು
16 ನವೆಂಬರ್ 1976

ಜಯದೇವಪ್ಪ,

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ ನಿನ್ನ ಲೇಖನ ಬಂದಿದೆ. ನಲವತ್ತೊಂದನೇ ಪುಟ. ನೀನು ನೋಡಿರುತ್ತೀ.

ಸ್ಮರಣ ಸಂಚಿಕೆಯನ್ನು ಯಾರೂ ಓದುವುದಿಲ್ಲ ಎಂದು ನೀನು ತಿಳಿದುಕೊಂಡಿದ್ದೆ ಅಂತ ಕಾಣುತ್ತದೆ. ಅದು ನಿಜ. ಆದರೆ ಉಚ್ಚಂಗೆಪ್ಪ ಆ ಸಂಚಿಕೆಗೆ ಮೂರು ತಿಂಗಳು ಊರೂರು ತಿರುಗಿ ಜಾಹೀರಾತು ತಂದವನು. ಯಾವ ಅಂಗಡಿಯದು ಯಾವ ಪುಟದಲ್ಲಿ ಬಂದಿದೆ, ಯಾರದು ಬಿಟ್ಟುಹೋಗಿದೆ ಎಂದು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ನೋಡುತ್ತ ಬಂದ. ನಲವತ್ತೊಂದನೇ ಪುಟದ ಕೆಳಗೆ ಒಂದು ರಸಗೊಬ್ಬರದ ಅಂಗಡಿಯ ಜಾಹೀರಾತು ಇದೆ. ಅದರ ಮೇಲೆ, ನ್ಯಾಮತಿ ಕಡೆಯ ತಾಯಿ, ಮೂರು ಮಕ್ಕಳ ಸಾವು, ಸಾಧಕನ ಮೂಗಿನ ಎಡಹೊಳ್ಳೆಯಲ್ಲಿ ಈಗಲೂ ಇರುವ ತೂತು, ಪಟ್ಟಕ್ಕೆ ಮೊದಲೇ ಕಾವಿ ಬಿಚ್ಚಿಡಬೇಕೆಂಬ ಅವನ ಆಸೆ. ಹೆಸರು ಒಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೀಯ. ಈ ಸೀಮೆಯಲ್ಲಿ ಮೂಗು ಚುಚ್ಚಿಸಿಕೊಂಡ ಮರಿ ಎಷ್ಟು ಜನ ಇದ್ದಾರೆ ಅಂದುಕೊಂಡೆ?

ಮೊನ್ನೆ ಮಧ್ಯಾಹ್ನ, ಊಟವಾದ ಮೇಲೆ, ಐದೂರಿನ ಹಿರಿಯರು ಕೂತಿದ್ದರು. ಬೆಳ್ಳಿಹಬ್ಬಕ್ಕೆಂದು ಅವ್ವನೂ ಬಂದಿದ್ದಳು. ಹೆಂಗಸರ ಸಾಲಿನಲ್ಲಿ ಕೊನೆಗೆ ಕೂತಿದ್ದಳು. ಉಚ್ಚಂಗೆಪ್ಪ ನಿಂತು ಓದಿದ. ಚೆನ್ನಾಗಿ ಓದುತ್ತಾನೆ. 'ಜನ ಕಾಲಿಗೆ ಬಿದ್ದಾಗ ಅವನಿಗೆ ಸಂತೋಷವಾಗುತ್ತದೆ' ಎಂಬಲ್ಲಿ ಸ್ವಲ್ಪ ನಿಲ್ಲಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಇದು ತಾವೇ ಬರ್ದಿದ್ದಾ ಬುದ್ಧೀ?" ಅಂತ ಬಹಳ ವಿನಯದಿಂದ ಕೇಳಿದ.

ನಾನು ಉತ್ತರ ಕೊಡುವ ಮೊದಲೇ ಅವ್ವ ಎದ್ದು ನಿಂತಳು. "ಅಲ್ಲ ಅನ್ರಿ ಬುದ್ಧಿ. ನಿಮ್ಮ ಮಾತಲ್ಲ ಅನ್ರಿ. ನಾನು ನಂಬ್ತೀನಿ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿದೆ.

ಹೌದು, ನನ್ನದೇ ಅಂದೆ. ತಯಾರಿ ಮಾಡಿಕೊಂಡಿದ್ದ ಆ ನಾಲ್ಕು ಮಾತು ಒಂದೂ ಬಾಯಿಗೆ ಬರಲಿಲ್ಲ. ಅವಳು ಕೂತುಕೊಂಡಳು.

ದೊಡ್ಡ ಬುದ್ಧಿಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಳೆ ಬೆಳಿಗ್ಗೆ ಹೊರಡುತ್ತೇನೆ. ನಾನು ಹೊರಟೆ ಎಂದು ಹೇಳುವ ಹಾಗೆ ಉಳಿದಿಲ್ಲ, ಕಳಿಸಿದರು ಎಂದೇ ಹೇಳಬೇಕು. ಎರಡು ದಿನ ಓಬಣ್ಣನ ಅಂಗಡಿಯಲ್ಲಿದ್ದು ಚನ್ನಗಿರಿಗೆ ಬರುತ್ತೇನೆ. ನಿನ್ನ ಮೇಲೆ ಸಿಟ್ಟಿದೆ. ಆದರೂ ಹೋಗಲು ಬೇರೆ ಬಾಗಿಲು ಗೊತ್ತಿಲ್ಲ.

ಕೊಟ್ರಬಸಪ್ಪ


ಚನ್ನಗಿರಿ
30 ನವೆಂಬರ್ 1976

ಶ್ರೀ ಗುರುಶಾಂತ ದೇವರ ಸನ್ನಿಧಿಗೆ,

ಸ್ಮರಣ ಸಂಚಿಕೆಯಲ್ಲಿ ಪ್ರಕಟವಾದ ನನ್ನ ಲೇಖನದ ಬಗ್ಗೆ ಸಂಸ್ಥೆಯ ಕಾರ್ಯದರ್ಶಿಯವರು ನನ್ನಿಂದ ಲಿಖಿತ ವಿವರಣೆ ಕೇಳಿದ್ದಾರೆ. ನಾನು ಕೊಟ್ಟ ವಿವರಣೆಯ ಸಾರಾಂಶವನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ತಮ್ಮೊಂದಿಗೆ ನಡೆದ ಪತ್ರವ್ಯವಹಾರವು ಕೇವಲ ಶೈಕ್ಷಣಿಕ ಉದ್ದೇಶದ್ದಾಗಿತ್ತು. ತಮ್ಮ ಪತ್ರಗಳಲ್ಲಿ ಮಾನಸಿಕ ದಣಿವಿನ ಹಾಗೂ ಅಸ್ವಸ್ಥತೆಯ ಲಕ್ಷಣಗಳು ಕಂಡುಬಂದದ್ದರಿಂದ, ಒಬ್ಬ ಮನಶ್ಶಾಸ್ತ್ರದ ಅಧ್ಯಾಪಕನಾಗಿ ನಾನು ಅವುಗಳನ್ನು ಅಧ್ಯಯನಕ್ಕೆ ಬಳಸಿಕೊಂಡೆ. ಮಠವನ್ನು ತ್ಯಜಿಸುವಂತೆ ನಾನು ತಮಗೆ ಸಲಹೆ ಕೊಟ್ಟಿಲ್ಲ. ಸೂಕ್ತ ವಿಶ್ರಾಂತಿ ಮತ್ತು ಚಿಕಿತ್ಸೆಯಿಂದ ತಾವು ಮೊದಲಿನಂತಾಗುವಿರೆಂದು ಆಶಿಸುತ್ತೇನೆ.

ಈ ಸಂದರ್ಭದಲ್ಲಿ ವೈಯಕ್ತಿಕ ಭೇಟಿ ಉಚಿತವಲ್ಲ.

ಇಂತಿ ತಮ್ಮ ವಿಧೇಯ,
ಜಿ. ಜಯದೇವಪ್ಪ, ಎಂ.ಎ.

ಪ್ರತಿ: ಕಾರ್ಯದರ್ಶಿಯವರಿಗೆ, ಮಾಹಿತಿಗಾಗಿ.


ಚನ್ನಗಿರಿ
9 ಜನವರಿ 1977

ಅಣ್ಣಾವ್ರಿಗೆ ನಿರ್ಮಲಮ್ಮ ಮಾಡುವ ನಮಸ್ಕಾರ.

ನಾನು ಬರೆಯುತ್ತಿರುವುದು ನಮ್ಮ ಮನೆಯವರಿಗೆ ಗೊತ್ತಿಲ್ಲ. ನೀವೆಲ್ಲಿದ್ದೀರೋ ನನಗೆ ಗೊತ್ತಿಲ್ಲ. ಹಳೆಯ ಕಾಗದದಲ್ಲಿದ್ದ ಸೈಕಲ್ ಶಾಪಿನ ವಿಳಾಸಕ್ಕೆ ಹಾಕುತ್ತಿದ್ದೇನೆ.

ನವೆಂಬರಿನಲ್ಲಿ ನೀವು ಬಂದಿದ್ದಿರಿ. ಕಾವಿ ಇರಲಿಲ್ಲ. ಯಾರದೋ ಅಂಗಿ ಹಾಕಿಕೊಂಡಿದ್ದಿರಿ, ತೋಳು ಗಿಡ್ಡವಾಗಿತ್ತು. ನೀವು ಕೇಳಿದಿರಿ, ಅವರು ಊರಲ್ಲಿಲ್ಲ ಅಂತ ನಾನು ಹೇಳಿದೆ. ಅವರು ಒಳಗೆ ಮಂಚದ ಮೇಲೆ ಕಾಲು ಮೇಲಿಟ್ಟುಕೊಂಡು ಕೂತಿದ್ದರು, ಕಾಲು ಕೆಳಗಿಟ್ಟರೆ ಬಾಗಿಲ ಸಂದಿಯಲ್ಲಿ ಕಾಣುತ್ತದೆ ಅಂತ. ನೀವು ಬಾಗಿಲ ಸಂದಿ ನೋಡಲೇ ಇಲ್ಲ. "ಆಯ್ತವ್ವ, ಬಂದಿದ್ದೆ ಅಂತ ಹೇಳ್ರಿ" ಅಂದು ತಿರುಗಿದಿರಿ. ನೀರು ಕುಡಿಯುತ್ತೀರಾ ಅಂತಲೂ ನಾನು ಕೇಳಲಿಲ್ಲ. ಕೇಳಿದ್ದರೆ ಒಳಗೆ ಬರುತ್ತಿದ್ದಿರಿ.

ನೀವು ಹೋದ ಮೇಲೆ ಅವರು ಒಂದೇ ಮಾತು ಅಂದರು. "ಕೆಲಸ ಹೋದ್ರೆ ಎಲ್ಲಿಗೆ ಹೋಗೋಣ ಹೇಳು." ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮುಂದಿನ ಕೋಣೆ ಹಾಗೇ ಇದೆ. ಈಗ ಅದರಲ್ಲಿ ಅವರ ಪುಸ್ತಕ ಇಟ್ಟಿದ್ದಾರೆ.

ನಿರ್ಮಲಮ್ಮ


ಹೊನ್ನಾಳಿ
21 ಮೇ 1978

ಜಯದೇವಪ್ಪ,

ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ. ಅದು ನಿನ್ನ ದೊಡ್ಡತನವಲ್ಲ, ನನ್ನ ಬಡತನ.

ನಿನ್ನ ಏಣಿಯ ಮೊದಲ ಮೆಟ್ಟಿಲು ಸಿಕ್ಕಿತು. ಚನ್ನಗಿರಿಯಿಂದ ಹೊನ್ನಾಳಿಗೆ ಬಂದ ದಿನ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಕಾಯಿಲೆ ಅಂದುಕೊಂಡೆ. ಹೋಟೆಲಿನ ವಾಸನೆ ಬಂದಾಗ ತಿಳಿಯಿತು. ಒಳಗೆ ಹೋಗಿ ಕೂತೆ, ತಟ್ಟೆ ಬಂತು, ಉಂಡೆ, ಎದ್ದು ಬಂದೆ. ಉಂಡ ಮೇಲೆ ಏನೋ ಕೊಡಬೇಕು ಎಂಬುದು ಹೊಳೆಯಲೇ ಇಲ್ಲ. ಬಾಗಿಲಲ್ಲಿ ನಿಂತು ಅಭ್ಯಾಸದ ಮೇಲೆ ಕೈ ಎತ್ತಿ ಆಶೀರ್ವಾದ ಮಾಡಿದೆ. ಹೋಟೆಲಿನವನು ಅಂಗಿ ಹಿಡಿದು ಎಳೆದ. "ಆಶೀರ್ವಾದ ಅಂತೆ ಆಶೀರ್ವಾದ, ಎರಡು ಇಡ್ಲಿ ಒಂದು ವಡೆ ಆತಲ್ಲಪ್ಪಾ." ಎಲ್ಲರೂ ನಕ್ಕರು. ಅವತ್ತು ಸಂಜೆಯವರೆಗೆ ಅವನಲ್ಲಿ ಲೋಟ ತೊಳೆದೆ.

ಈಗ ಒಂದು ಅಕ್ಕಿ ಗಿರಣಿಯಲ್ಲಿದ್ದೇನೆ. ಬೇಯಿಸಿದ ಭತ್ತವನ್ನು ಕಣದಲ್ಲಿ ಹರವಿ ಕಾಲಿನಲ್ಲಿ ಆಡಿಸುತ್ತ ಒಣಗಿಸಬೇಕು. ಇಡೀ ದಿನ ನಡೆಯುವುದು. ಅಲ್ಲಿ ಅಂಜಮ್ಮ ಎಂಬ ಮುದುಕಿ ಮೇಸ್ತ್ರಿ. "ಏ ಕೊಟ್ರಾ, ನೆಲ ನೋಡ್ಕಂಡು ಕಾಲು ಹಾಕೋ. ಪಲ್ಲಕ್ಕಿ ಮ್ಯಾಲೆ ಕುಂತೋನಂಗೆ ಆಕಾಶ ನೋಡ್ತಾನೆ" ಅಂತಾಳೆ. ಮೊದಲ ಸಲ ಅಂದಾಗ ನಿಂತುಬಿಟ್ಟೆ. "ಏನು, ಕಿವಿನೂ ಇಲ್ವೇನು?" ಅಂದಳು. ನಗು ಬಂತು. ಬಂದದ್ದು ನಗುವೋ ಏನೋ.

ಆದರೆ ಆ ಹೆಸರನ್ನು ನಾನು ಕೇಳಬಯಸಿದ್ದು ಅಂಜಮ್ಮನ ಬಾಯಿಂದಲ್ಲ.

ಗೋವಿನಕೋವಿಗೆ ಮೂರು ಸಲ ಹೋಗಿ ಬಂದೆ. ಅವ್ವ ನನ್ನ ತಂಗಿ ಕಲ್ಲಮ್ಮನ ಮನೆಯಲ್ಲಿದ್ದಾಳೆ. ನಾನು ಅಂಗಿ ಪಂಚೆಯಲ್ಲಿ ಹೋದೆ. ಅವ್ವ ಎದ್ದು ಒಳಗೆ ಹೋದಳು. ಬೈಯಲು ಏನಾದರೂ ತರುತ್ತಾಳೆ, ಪೊರಕೆ ತಂದರೂ ಸರಿ, ಎಂದು ನಿಂತಿದ್ದೆ. ಚೊಂಬಿನಲ್ಲಿ ನೀರು ತಂದು ನನ್ನ ಪಾದ ತೊಳೆದಳು. ಬೇರೆಯಾಗಿ ಚಾಪೆ ಹಾಸಿದಳು. ಎಲ್ಲರೂ ಅಡುಗೆಮನೆಯಲ್ಲಿ ಉಂಡರು, ನನಗೆ ಪಡಸಾಲೆಯಲ್ಲಿ ಬಾಳೆ ಎಲೆ.

"ಅವ್ವಾ, ನಾನು ಬಿಟ್ಟು ಬಂದೀನಿ. ಇನ್ನು ಹೋಗಾದಿಲ್ಲ" ಅಂದೆ. ಆ ನಾಲ್ಕು ಮಾತಿನಲ್ಲಿ ಎರಡು.

"ಗೊತ್ತೈತೆ ಬುದ್ಧಿ. ಮಠದೋರು ಹೇಳ್ಯಾರೆ. ಚನ್ನಗಿರಿ ಕಾಲೇಜಿನ ದೊಡ್ಡ ಮೇಷ್ಟ್ರು ಒಬ್ರು ಬರ್ದು ಕೊಟ್ಟಾರಂತೆ, ನಿಮಗೆ ಹುಷಾರಿಲ್ಲ ಅಂತ. ಓದಿದೋರು ಸುಳ್ಳು ಬರೀತಾರಾ? ನೀವು ದಣಿದೀರಿ. ವಾಸಿ ಆದ ಮ್ಯಾಲೆ ಹೋಗೀರಂತೆ."

ದೊಡ್ಡ ಬುದ್ಧಿಯವರು ಲಿಂಗೈಕ್ಯರಾಗಿ ವರ್ಷವಾಯಿತು. ಪಟ್ಟ ಬೇರೆ ಮರಿಗೆ ಆಗಿದೆ. ಅದನ್ನು ಹೇಳಿದರೂ ಅವ್ವ ತಲೆ ಆಡಿಸುತ್ತಾಳೆ, ಜ್ವರದವನ ಮಾತಿಗೆ ಆಡಿಸಿದ ಹಾಗೆ. ನಾನು ಎಷ್ಟು ಸರಿಯಾಗಿ ಮಾತಾಡಿದರೂ ಅದು ಕಾಯಿಲೆಯ ಮಾತು. ಅವಳನ್ನು ಒಪ್ಪಿಸಲು ನನ್ನಿಂದ ಆಗುವುದಿಲ್ಲ. ನಿನ್ನಿಂದ ಆಗುತ್ತದೆ. ಒಂದು ಕಾರ್ಡು ಬರೆ. ನಿನ್ನ ಮಗನಿಗೆ ಯಾವ ಕಾಯಿಲೆಯೂ ಇಲ್ಲ, ನಾನು ಬರೆದದ್ದು ಸುಳ್ಳು ಎಂದು ಎರಡು ಸಾಲು. ಕಲ್ಲಮ್ಮ ಓದಿ ಹೇಳುತ್ತಾಳೆ. ನಾನು ನಿನ್ನಲ್ಲಿ ಕೇಳುವುದು ಇದೊಂದೇ.

ವಿಳಾಸ: ದ್ಯಾಮಮ್ಮ, ಗೋವಿನಕೋವಿ, ನ್ಯಾಮತಿ ಮಾರ್ಗ, ಹೊನ್ನಾಳಿ ತಾಲ್ಲೂಕು.

ಕೊಟ್ರಬಸಪ್ಪ


ಚನ್ನಗಿರಿ
3 ಆಗಸ್ಟ್ 1985

ಕೊಟ್ರ,

ಹೊನ್ನಾಳಿಯ ವಿಳಾಸ ಈಗಲೂ ಸರಿಯಿದೆಯೋ ಇಲ್ಲವೋ. ಕೈ ಸೇರಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನನಗೆ ಪಿಎಚ್.ಡಿ. ಆಗಿ ಮೂರು ವರ್ಷ. ಹೋದ ಜೂನಿನಿಂದ ಪ್ರಿನ್ಸಿಪಾಲ್. ಸಕ್ಕರೆ ಕಾಯಿಲೆ ಬಂದಿದೆ. ನಿರ್ಮಲ ನಾನು ಬರೆದದ್ದನ್ನು ಓದುವುದನ್ನು ಬಿಟ್ಟು ಬಹಳ ಕಾಲವಾಯಿತು. ಕಾರಣ ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ.

ಆ ಕಾರ್ಡನ್ನು ನಾನು ಬರೆಯಲಿಲ್ಲ. ಬರೆಯಲು ಕೂತಿದ್ದೆ. ಅದು ಯಾರ ಕೈಗಾದರೂ ಸಿಕ್ಕರೆ, ನಾನು ಕಾರ್ಯದರ್ಶಿಗೆ ಕೊಟ್ಟ ವಿವರಣೆ ಸುಳ್ಳೆಂದು ನನ್ನ ಅಕ್ಷರದಲ್ಲೇ ರುಜುವಾತಾಗುತ್ತಿತ್ತು. ಆಗ ಇನ್ನೂ ನನ್ನ ಕೆಲಸ ಖಾಯಂ ಆಗಿರಲಿಲ್ಲ. ಖಾಯಂ ಆದ ಮೇಲೆ ಬರೆಯಬಹುದಿತ್ತು. ಆಗ ತಡವಾಯಿತು ಅನ್ನಿಸಿತು. ಎರಡನೇ ಮೆಟ್ಟಿಲಿಗೆ ಭದ್ರತೆ ಎಂದು ಹೆಸರು, ನಿನಗೆ ನೆನಪಿರಬಹುದು. ನಾನು ಒಂಬತ್ತು ವರ್ಷದಿಂದ ಐದನೆಯದರ ಬಗ್ಗೆ ಪಾಠ ಹೇಳುತ್ತ ಎರಡನೆಯದರ ಮೇಲೆ ಕೂತಿದ್ದೇನೆ.

ಈಗ ವಿಷಯ. ಪ್ರಬಂಧ ಪುಸ್ತಕವಾಗುತ್ತಿದೆ. ಪರೀಕ್ಷಕರೊಬ್ಬರು ಅಂದಿದ್ದರು, 'ಒಬ್ಬ ಯುವ ಸಾಧಕ' ಎಂಬ ಅಧ್ಯಾಯವೇ ಇದರ ಜೀವ, ಆದರೆ ಅದು ಮಧ್ಯದಲ್ಲೇ ನಿಂತಿದೆ, ಆ ಮನುಷ್ಯ ಕೊನೆಗೆ ಏನಾದ ಎಂದು ಓದುಗರು ಕೇಳುತ್ತಾರೆ ಎಂದು. ನೀನು ಏನಾದೆ? ನೀನು ಬೇಡವೆಂದರೆ ಆ ಅಧ್ಯಾಯವನ್ನೇ ತೆಗೆಯುತ್ತೇನೆ. ಈ ಸಲ ನಿನ್ನ ಒಪ್ಪಿಗೆ ಇಲ್ಲದೆ ಒಂದಕ್ಷರವೂ ಅಚ್ಚಾಗುವುದಿಲ್ಲ.

ಜಯ


ಹೊನ್ನಾಳಿ
1 ಸೆಪ್ಟೆಂಬರ್ 1985

ಜಯದೇವಪ್ಪ,

ನಿನ್ನ ಕಾಗದ ಕೈಗೆ ಬಂದ ದಿನವೇ ಕಲ್ಲಮ್ಮನ ಗಂಡ ಸೈಕಲ್ ತುಳಿದುಕೊಂಡು ಬಂದ. ಅವ್ವನಿಗೆ ಮಾತು ನಿಲ್ಲುತ್ತಾ ಇದೆ, ಬರಬೇಕಂತೆ ಎಂದ. ಕಾಗದ ಜೇಬಿನಲ್ಲಿತ್ತು. ಗೋವಿನಕೋವಿಯಲ್ಲಿ ಮೂರು ದಿನ ಅದು ಜೇಬಿನಲ್ಲೇ ಇತ್ತು.

ನಾನು ಏನಾದೆ ಎಂದು ಕೇಳಿದ್ದೀಯ. ಅಕ್ಕಿ ಗಿರಣಿ ಎಂಬತ್ತರಲ್ಲಿ ಬಿಟ್ಟೆ. ಜಗಳೂರಿನಿಂದ ಬಂದ ಯಾರೋ ಒಬ್ಬ ಮಾಲೀಕನಿಗೆ ನನ್ನ ಗುರುತು ಹೇಳಿದ. ಮರುದಿನದಿಂದ ಮಾಲೀಕ ನನ್ನನ್ನು ಭತ್ತ ತುಳಿಯಲು ಬಿಡಲಿಲ್ಲ. ಪಾಪ ಸುತ್ತಿಕೊಳ್ಳುತ್ತದಂತೆ. ಗಾದಿಯ ಪಕ್ಕದಲ್ಲಿ ಕುರ್ಚಿ ಹಾಕಿ ಸುಮ್ಮನೆ ಕೂತಿರಿ, ಒಳ್ಳೆಯದಾಗುತ್ತದೆ ಎಂದ. ಅಂಜಮ್ಮ ದೂರದಿಂದ ಕೈ ಮುಗಿದು ಹೋದಳು. ಒಂದು ವಾರ ಕೂತು, ಎದ್ದು ಬಂದೆ. ಈಗ ಒಂದು ಸಾಮಿಲ್ಲಿನಲ್ಲಿ ಮರ ಹೊರುತ್ತೇನೆ. ಅದರ ಮಾಲೀಕರು ಸಾಬರು. ಅವರಿಗೆ ನಾನು ಬರೀ ಕೊಟ್ರಣ್ಣ.

ಅವ್ವ ಪಡಸಾಲೆಯಲ್ಲಿ ಮಲಗಿದ್ದಳು. ನನ್ನ ಗುರುತು ಹತ್ತಿತು. ಕೈ ಮುಗಿಯಲು ಎತ್ತಿದಳು, ಒಂದು ಕೈ ಮಾತ್ರ ಮೇಲೆ ಬಂತು. ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ ಮಧ್ಯಾಹ್ನ ಕಲ್ಲಮ್ಮ ಗಂಜಿ ಕಾಯಿಸುತ್ತಿದ್ದಳು. ನಾನು ತಲೆಯ ಹತ್ತಿರ ಕೂತಿದ್ದೆ. ಅವ್ವ ಬಾಗಿಲ ಕಡೆ ನೋಡಿ ಕರೆದಳು.

"ಕೊಟ್ರಾ."

ಸಣ್ಣ ದನಿಯಲ್ಲ. ಹೊಲದ ಆ ಬದುವಿನಲ್ಲಿದ್ದವನನ್ನು ಕರೆಯುವ ದನಿ. ನಾನು ಬಗ್ಗಿದೆ. "ಇಲ್ಲೇ ಇದೀನಿ ಅವ್ವಾ" ಅಂದೆ.

ಅವಳು ಮುಖ ತಿರುಗಿಸಿ ನನ್ನನ್ನು ನೋಡಿದಳು. ತಪ್ಪು ಮಾಡಿದವಳ ಹಾಗೆ ನಾಚಿಕೊಂಡಳು. "ನಿಮ್ಮನ್ನಲ್ಲ ಬುದ್ಧಿ. ನನ್ನ ಮಗನ್ನ ಕರ್ದೆ."

ಕಲ್ಲಮ್ಮ ಸೌಟು ಹಿಡಿದುಕೊಂಡೇ ಬಂದಳು. "ಅವ್ವಾ, ಇವನೇ ನಿನ್ನ ಮಗ. ಅಣ್ಣ ಕಣೇ ಇವನು" ಅಂದಳು. ಅವ್ವ ಅವಳ ಮಾತನ್ನು ಕೇಳಿಸಿಕೊಳ್ಳಲಿಲ್ಲ.

"ಒಂಬತ್ತು ವರ್ಷದೋನು ಬುದ್ಧಿ. ಮೂಗು ಚುಚ್ಸೀನಿ. ಹೊರಗೆ ಆಡಾಕೆ ಹೋಗ್ಯಾನೆ, ಇನ್ನೂ ಬಂದಿಲ್ಲ. ಹಸ್ಕಂಡಿರ್ತಾನೆ. ಬಂದ್ರೆ ಒಂದು ತುತ್ತು ಹಾಕಾಕೆ ಹೇಳ್ರಿ. ನನ್ನ ಮಗನಿಗೆ ಒಳ್ಳೇದು ಮಾಡ್ರಿ."

ಕಲ್ಲಮ್ಮ ನನ್ನ ಮುಖ ನೋಡಿದಳು. ನಾನೇ ಕೊಟ್ರ ಎಂದು ಕೂಗಿ ಹೇಳಬಹುದಿತ್ತು. ಒಂಬತ್ತು ವರ್ಷದಿಂದ ಹೇಳುತ್ತ ಬಂದದ್ದೂ ಅದನ್ನೇ. ಅವಳ ತಲೆಯ ಮೇಲೆ ಕೈ ಇಟ್ಟೆ. ಮಠದಲ್ಲಿ ಕಲಿಸಿದ ಹಾಗೆ, ಐದೂ ಬೆರಳು ಬಿಡಿಸಿ. "ಒಳ್ಳೇದಾಗ್ತತೆ ತಾಯಿ. ನಿಮ್ಮ ಮಗ ಬರ್ತಾನೆ" ಅಂದೆ. ಇಷ್ಟು ವರ್ಷ ಸಾವಿರಾರು ತಲೆಯ ಮೇಲೆ ಕೈ ಇಟ್ಟಿದ್ದೇನೆ. ಒಂದಕ್ಕೂ ಏನೂ ಆಗಿರಲಿಲ್ಲ. ಅವ್ವ ಕಣ್ಣು ಮುಚ್ಚಿದಳು. ಹಣೆಯ ಗೆರೆ ಸಡಿಲವಾಯಿತು. ಸಂಜೆ ಹೋದಳು.

ಬುದ್ಧಿಯೆಂದು ಕರೆಸಿಕೊಂಡು ನಾನು ಮಾಡಿದ ನಿಜವಾದ ಕೆಲಸ ಅದೊಂದೇ. ಅದೂ ಸುಳ್ಳು ಹೇಳಿ. ನಿನ್ನ ಏಣಿಯ ಲೆಕ್ಕದಲ್ಲಿ ಇದು ಮೇಲಿನದೋ ಕೆಳಗಿನದೋ ನನಗೆ ತಿಳಿಯುವುದಿಲ್ಲ. ಕೋಶದ ಲೆಕ್ಕದಲ್ಲಿ, ಸುಲಿಯುವುದಕ್ಕೆ ಇನ್ನು ಏನೂ ಉಳಿದಿಲ್ಲ. ಒಳಗೆ ಏನಾದರೂ ಇತ್ತೇ ಎಂದು ಕೇಳಬೇಡ.

ಮಣ್ಣು ಮಾಡಿದ ಮೇಲೆ ಹೊಳೆಯಲ್ಲಿ ಮುಳುಗಿದೆ. ದಡಕ್ಕೆ ಬಂದು ಒಣ ಅಂಗಿ ಹಾಕಿಕೊಂಡಾಗ ಜೇಬಿನಲ್ಲಿ ನಿನ್ನ ಕಾಗದ ಇತ್ತು. ಅಲ್ಲೇ ಕೂತು ಓದಿದೆ. ನಿನ್ನ ಎರಡು ಸಾಲಿನ ಕಾರ್ಡು ಇನ್ನು ಬೇಡ, ಓದಿಸಿಕೊಳ್ಳುವವಳು ಇಲ್ಲ.

ಅಧ್ಯಾಯ ತೆಗೆಯಬೇಡ. ಇದನ್ನೂ ಸೇರಿಸು. ಉಚ್ಚಂಗೆಪ್ಪ ಓದಿದ್ದು, ನೀನು ಕಾರ್ಯದರ್ಶಿಗೆ ಬರೆದದ್ದು, ಮಂಚದ ಮೇಲೆ ಕಾಲು ಎತ್ತಿಟ್ಟುಕೊಂಡದ್ದು, ಎಲ್ಲ ಸೇರಿಸು. ಒಪ್ಪಿಗೆ ಕೊಟ್ಟಿದ್ದೇನೆ.

ಒಂದು ಷರತ್ತು ಇದೆ. ಯುವ ಸಾಧಕ ಎಂದು ಹಾಕಬೇಡ. ಈ ಸಲ ಹೆಸರು ಹಾಕು. ಅವಳು ಕರೆದ ಹೆಸರು.

ದ್ಯಾಮಮ್ಮನ ಮಗ,
ಕೊಟ್ರ